ಝರಣಿ ನರಸಿಂಹನ ದರ್ಶನ: ನೀರಿಗಿಳಿಯುವ ಮುನ್ನ

ಬೀದರಿನ ಝರಣಿ ನರಸಿಂಹಸ್ವಾಮಿಯನ್ನು ನೋಡಲು ನೀರಲ್ಲೇ ನಡೆದು ಹೋಗಬೇಕು. ಮಣಿಚೂಳ ಬೆಟ್ಟದ ಕೆಳಗೆ ಕೊರೆದ ಸುಮಾರು 300 ಮೀಟರ್ ಸುರಂಗ, ಅದರ ತುದಿಯಲ್ಲಿ ನರಸಿಂಹ ಮತ್ತು ಶಿವಲಿಂಗ. ಸ್ವಾಮಿಯ ಕೈಯಲ್ಲಿ ಹತನಾದ ಶಿವಭಕ್ತ ಜಲಾಸುರನೇ ನೀರಾಗಿ ನರಸಿಂಹನ ಪಾದದಿಂದ ಹರಿಯುತ್ತಿದ್ದಾನೆ ಎಂಬುದು ಸ್ಥಳಪುರಾಣ. ಒಬ್ಬೊಬ್ಬರೇ ಹೋಗುವ ಜಾಗವಲ್ಲ ಇದು. ದೊಡ್ಡ ಗುಂಪು ಕಟ್ಟಿಕೊಂಡರೂ ಒಳಗೆ ತೊಡಕು. ಇಬ್ಬರು ಗೆಳೆಯರಿದ್ದರೆ ಸರಿಯಾಗುತ್ತದೆ.

ಹೊರಡುವ ಮುಂಚೆ ಎರಡು ಸಂಗತಿ ವಿಚಾರಿಸಿಕೊಳ್ಳಿ: ಗುಹೆ ತೆರೆದಿದೆಯೇ, ನೀರು ಎಷ್ಟಿದೆ? ನೀರು ಬತ್ತಿದ್ದಕ್ಕೋ ಒಳಗಿನ ಗಾಳಿ ಸಾಲದ್ದಕ್ಕೋ ಪ್ರವೇಶ ನಿಲ್ಲಿಸಿದ ಕಾಲವೂ ಇದೆ. ನೀರಿರುವಾಗ ಆಳ ಸಾಮಾನ್ಯವಾಗಿ ನಾಲ್ಕರಿಂದ ಐದು ಅಡಿ. ಐದೂಕಾಲು ಅಡಿಗಿಂತ ಗಿಡ್ಡವಿರುವವರು ‘ಎದೆಮಟ್ಟ ಅಷ್ಟೇ’ ಎಂಬ ಮಾತನ್ನು ನಂಬಿ ಇಳಿಯಬಾರದು. ಯಾರ ಎದೆಮಟ್ಟ ಎಂದು ಕೇಳಬೇಕು. ಮಳೆಗಾಲದ ಕೊನೆಗೆ ನೀರು ಏರಿರುತ್ತದೆ, ಬೇಸಿಗೆಯಲ್ಲಿ ಇಳಿದಿರುತ್ತದೆ.

ನಿಜವಾದ ತೊಂದರೆ ನೀರಿನದಲ್ಲ, ಗಾಳಿಯದು. ಸುರಂಗಕ್ಕೆ ಆಚೆ ಬಾಯಿಲ್ಲ. ಹೋದ ದಾರಿಯಲ್ಲೇ ಹಿಂದಿರುಗಬೇಕು. ಗರ್ಭಗುಡಿಯ ಮುಂದೆ ಏಳೆಂಟು ಜನ ನಿಲ್ಲುವಷ್ಟೇ ಜಾಗ. ಅಲ್ಲಿ ಒಂದಷ್ಟು ಹೊತ್ತು ಸಾಲು ನಿಂತರೆ ಹಿಂದಿನವರೆಲ್ಲ ನೀರಲ್ಲೇ ಕಾಯುತ್ತಾರೆ. ಅಷ್ಟೂ ಜನರ ಉಸಿರು ಅದೇ ಕಿರಿದಾದ ಕೊಳವೆಯಲ್ಲಿ ಸುತ್ತುತ್ತದೆ. ಮೇಲೆ ಬಾವಲಿಗಳು, ಅವುಗಳ ಹಿಕ್ಕೆಯ ಘಾಟು. ಹಾಗಾಗಿ ವಾರದ ದಿನ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದೊಂದೇ ಜಾಣತನ. ಶನಿವಾರ, ಭಾನುವಾರ, ನರಸಿಂಹ ಜಯಂತಿಯ ದಿನ ಬೇಡ. ಸಾಲು ಖಾಲಿಯಿದ್ದರೆ ಒಂದು ಕಡೆಗೆ ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಕು. ಕರ್ಪೂರ, ಊದುಬತ್ತಿಯನ್ನು ಒಳಗೆ ಹಚ್ಚಬೇಡಿ. ತಲೆ ಭಾರವಾದರೆ, ಉಸಿರು ಕಟ್ಟಿದಂತಾದರೆ, ದೇವರು ಹತ್ತೇ ಹೆಜ್ಜೆ ದೂರವಿದ್ದರೂ ತಿರುಗಿಬಿಡಿ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇರುವವರು, ಗರ್ಭಿಣಿಯರು, ಇಕ್ಕಟ್ಟಿನ ಜಾಗಕ್ಕೆ ಹೆದರುವವರು ಹೊರಗೇ ನಿಂತು ಕೈಮುಗಿಯುವುದು ವಾಸಿ. ಮೈಮೇಲೆ ಹಸಿ ಗಾಯವಿದ್ದರೂ ಇಳಿಯಬೇಡಿ, ಆ ನೀರಿನಲ್ಲಿ ಊರೆಲ್ಲ ನಡೆದಿರುತ್ತದೆ.

ಬಟ್ಟೆಯ ವಿಷಯ. ಜೀನ್ಸ್ ನೀರು ಕುಡಿದು ಕಾಲಿಗೆ ಕಲ್ಲು ಕಟ್ಟಿದಂತಾಗುತ್ತದೆ. ಸೀರೆ, ಪಂಚೆ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೊಣಕಾಲು ಮುಚ್ಚುವ ತೆಳ್ಳನೆಯ ಟ್ರ್ಯಾಕ್ ಪ್ಯಾಂಟ್, ಬಣ್ಣದ ಟೀ ಶರ್ಟ್ ಒಳ್ಳೆಯದು. ಕನ್ನಡಕಕ್ಕೆ ದಾರ ಕಟ್ಟಿ. ಹೇಗೂ ಮಂಜು ಕವಿಯುತ್ತದೆ, ಆದರೆ ಕನ್ನಡಕ ಕಳೆದುಹೋಗುವುದಿಲ್ಲ. ಉಂಗುರ, ಸರ, ಫೋನು ಲಾಡ್ಜಿನಲ್ಲೇ ಇರಲಿ. ಕಾರಿನ ರಿಮೋಟ್ ಕೀಲಿ ಮಾತ್ರ ಬಿಟ್ಟು ಬರಲಾಗದಿದ್ದರೆ ಜಲನಿರೋಧಕ ಚೀಲದಲ್ಲಿ ಹಾಕಿ ಕುತ್ತಿಗೆಗೆ ತೂಗುಹಾಕಿ. ಹಿಂದಿನ ರಾತ್ರಿ ಆ ಚೀಲದೊಳಗೆ ಒಂದು ಕಾಗದ ಮಡಚಿಟ್ಟು ಹತ್ತು ನಿಮಿಷ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿ. ಕಾಗದದ ಅಂಚು ಒದ್ದೆಯಾಗಿದ್ದರೆ ಕೀಲಿಯೂ ಹಾಳಾಗುತ್ತದೆ.

ಒಳಗೆ ಎತ್ತರದವರು ಮುಂದೆ, ಗಿಡ್ಡವಿರುವವರು ಹಿಂದೆ, ಒಂದು ಕೈ ಮುಂದಿನವರ ಹೆಗಲ ಮೇಲೆ. ಬರಿಗಾಲಾದ್ದರಿಂದ ಪಾದ ಎತ್ತಿ ಇಡಬೇಡಿ, ನೆಲಕ್ಕೆ ಉಜ್ಜುತ್ತ ಸರಿಸಿ. ಎತ್ತಿಟ್ಟರೆ ಏರುತಗ್ಗಿನ ತಳದಲ್ಲಿ ಜಾರುವುದು ಖಂಡಿತ. ಗೋಡೆಯ ಒಂದೇ ಪಕ್ಕ ಹಿಡಿದು ನಡೆದರೆ ಎದುರು ಬರುವವರಿಗೆ ದಾರಿ ಸಿಗುತ್ತದೆ. ತೆಂಗಿನಕಾಯಿ, ಹೂವನ್ನು ಒಬ್ಬರೇ ತಲೆಯ ಮಟ್ಟದಲ್ಲಿ ಹಿಡಿಯಲಿ, ಇನ್ನೊಬ್ಬರ ಎರಡೂ ಕೈ ಖಾಲಿ ಇರಲಿ. ಬಾವಲಿಗಳ ಕಡೆ ಟಾರ್ಚ್ ಬಿಡಬೇಡಿ, ಕೂಗಬೇಡಿ. ಬೆದರಿದರೆ ಮುಖದ ಮಟ್ಟಕ್ಕೇ ಹಾರುತ್ತವೆ. ಬಾಯಿ ತೆರೆದು ಮೇಲೆ ನೋಡುವುದಂತೂ ಬೇಡವೇ ಬೇಡ.

ಹೊರಬಂದವರೇ ಶುದ್ಧ ನೀರಿನಲ್ಲಿ ಮೈ ತೊಳೆದು, ಕಿವಿ ಒರೆಸಿ, ಒಣಬಟ್ಟೆ ಹಾಕಿಕೊಳ್ಳಿ. ಆಮೇಲೆ ಗುರುನಾನಕ ಝೀರಾ ಗುರುದ್ವಾರಕ್ಕೆ ಹೋಗಬಹುದು. ತಲೆಗೆ ಕಟ್ಟಲು ಕರವಸ್ತ್ರ ಬೇಕು. ಲಂಗರಿನಲ್ಲಿ, ಅಂದರೆ ಅಲ್ಲಿನ ಉಚಿತ ಊಟದ ಪಂಕ್ತಿಯಲ್ಲಿ, ನೆಲದ ಮೇಲೆ ಕೂತು ಉಣ್ಣಬೇಕು, ಹಾಕಿಸಿಕೊಂಡದ್ದನ್ನು ಬಿಡಬಾರದು. ಗುರು ನಾನಕರ ಪಾದ ತಾಕಿ ಬಂಡೆಯಿಂದ ಚಿಮ್ಮಿತೆಂದು ಭಕ್ತರು ನಂಬುವ ಊಟೆ ಅಲ್ಲಿದೆ. ಬೀದರಿನ ನೆಲವೇ ಹಾಗೆ. ಮೇಲೆ ರಂಧ್ರರಂಧ್ರವಾದ ಕೆಂಪು ಜಂಬಿಟ್ಟಿಗೆ, ಅಡಿಯಲ್ಲಿ ಗಟ್ಟಿ ಕರಿಕಲ್ಲು. ಇಂಗಿದ ಮಳೆನೀರು ಕರಿಕಲ್ಲಿಗೆ ತಡೆದು, ಪ್ರಸ್ಥಭೂಮಿಯ ಅಂಚಿನಲ್ಲಿ ಒಸರುತ್ತದೆ. ನೌಬಾದಿನ ಕರೇಜ್, ಅಂದರೆ ಬಹಮನಿ ಕಾಲದ ನೆಲದಡಿಯ ನೀರ್ಗಾಲುವೆ, ನಿಂತಿರುವುದೂ ಇದೇ ಗುಣದ ಮೇಲೆ. ಹೊತ್ತಿದ್ದರೆ ಅದರ ಬಾವಿಗಳನ್ನು ಮೇಲಿನಿಂದ ನೋಡಿ, ಅಂಚಿಗೆ ಒರಗಬೇಡಿ.

ಬೆಳಿಗ್ಗೆ ಉಪಯೋಗಕ್ಕೆ ಬಾರದ ಟಾರ್ಚ್ ಸಂಜೆ ಬೀದರಿನ ಹತ್ತಿರದ ಅಷ್ಟೂರಿನಲ್ಲಿ ಬೇಕಾಗುತ್ತದೆ: ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯ ಒಳಮೈ ಚಿತ್ತಾರಗಳು ಅರೆಗತ್ತಲಲ್ಲಿವೆ. ಒದ್ದೆ ಕೈ ಮಾತ್ರ ಗೋಡೆಗೆ ತಾಕಿಸಬೇಡಿ.