ವಿಮಾನದ ಗೆರೆಗೆ ಬಣ್ಣ ಬಂದ ಜಾಗ

2021ರ ಮೇ 24ರಂದು ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಗುಡಿ ಕಟ್ಟಿದಾಗ, ಅಂದರೆ ಅವನ ಸುತ್ತ ಬೆಳಕಿನ ಉಂಗುರ ಮೂಡಿದಾಗ, ನಾನೂ ತಾರಸಿಗೆ ಓಡಿ ಮೊಬೈಲ್‌ನಲ್ಲಿ ಹತ್ತಾರು ಫೋಟೋ ತೆಗೆದೆ. ಎಲ್ಲದರಲ್ಲೂ ಬರೀ ಬಿಳಿ ಉರಿ. ಆಕಾಶ ನೋಡುವ ಹುಚ್ಚು ಹತ್ತಿದ್ದು ಅಂದೇ.

ಮೊದಲು ಕಲಿತದ್ದು ಸೂರ್ಯನನ್ನು ಮರೆ ಮಾಡುವುದು. ನೀರಿನ ಟ್ಯಾಂಕಿನ ಅಂಚು ಸಾಕು, ಕಣ್ಣಿಗೂ ಕ್ಷೇಮ. ಆಮೇಲೆ ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸುತ್ತೇನೆ, ಅಂದರೆ ಕ್ಯಾಮೆರಾಕ್ಕೆ ಕಾಲುಭಾಗದಷ್ಟೇ ಬೆಳಕು ಬಿಡುತ್ತೇನೆ. ಒಳಂಚಿನ ಕೆಂಪು ಎದ್ದು ಬರುತ್ತದೆ. ಅಳತೆಗೆ ಗೇಣು. ಕೈ ಪೂರ್ತಿ ಚಾಚಿ, ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿದರೆ ಕಿರುಬೆರಳ ತುದಿ ಹೆಚ್ಚುಕಡಿಮೆ 22 ಡಿಗ್ರಿ ದೂರದಲ್ಲಿರುತ್ತದೆ. ಗುಡಿಯ ಗೆರೆ ಅಲ್ಲೇ.

ಈ 22 ಬಂದದ್ದು ಎತ್ತರದ ತೆಳುಮೋಡದಲ್ಲಿರುವ ಹಿಮದ ಹರಳಿನ ಆರು ಪಕ್ಕಗಳಿಂದ. ಒಂದು ಪಕ್ಕದಲ್ಲಿ ಹೊಕ್ಕ ಬೆಳಕು, ನಡುವಿನ ಒಂದನ್ನು ಬಿಟ್ಟು ಅದರಾಚೆಯ ಪಕ್ಕದಿಂದ ಹೊರಬೀಳುತ್ತದೆ. ಆ ಎರಡರ ನಡುವೆ 60 ಡಿಗ್ರಿ ಕೋನ. ಹರಳೇ ಪುಟ್ಟ ಪ್ರಿಸಂ. ಹರಳು ಹೇಗೇ ತಿರುಗಿರಲಿ, ಈ ದಾರಿಯಲ್ಲಿ ಬಂದ ಬೆಳಕು ಸುಮಾರು 22 ಡಿಗ್ರಿಗಿಂತ ಕಡಿಮೆ ಬಾಗದು. ಕಿರಣಗಳು ಆ ಅಂಚಿನಲ್ಲೇ ಒತ್ತೊತ್ತಾಗಿ ಸೇರುತ್ತವೆ. ಎಲ್ಲಕ್ಕಿಂತ ಕಡಿಮೆ ಬಾಗುವ ಕೆಂಪು ಒಳಗೆ. ಗುಡಿಯ ಒಳಗಿನ ಆಕಾಶ ಮಂಕಾಗಿ ಕಾಣುವುದೂ ಇದೇ ಕಾರಣಕ್ಕೆ.

ಓದಿ ತಿಳಿದದ್ದು ಮನಸ್ಸಿಗಿಳಿದದ್ದು ಒಂದು ಜನವರಿ ಸಂಜೆ. ಪಡುವಣದಲ್ಲಿ ಸೂರ್ಯ ಇಳಿದಿದ್ದ. ಮೇಲೆ ವಿಮಾನವೊಂದು ಬಿಟ್ಟುಹೋದ ಗೆರೆ ಹತ್ತಿಯಂತೆ ಅಗಲವಾಗಿ ಹರಡಿತ್ತು. ಎಂಜಿನ್ನಿನ ಆವಿ ಆ ಎತ್ತರದ ಚಳಿಗೆ ಹಿಮವಾಗುತ್ತದೆ. ಒಣಗಾಳಿಯಾದರೆ ನಿಮಿಷದಲ್ಲಿ ಮಾಯ, ತೇವವಿದ್ದರೆ ಹರಳುಗಳು ಬೆಳೆಯುತ್ತ ಹೋಗುತ್ತವೆ. ಹೊಸ ಗೆರೆಯ ಹರಳು ತೀರಾ ಸಣ್ಣ, ಅದರಲ್ಲಿ ಗುಡಿ ಹುಡುಕಿ ಲಾಭವಿಲ್ಲ. ಇದು ಹಳೆಯ ಗೆರೆ. ಗಾಳಿ ಅದನ್ನು ಸೂರ್ಯನ ಬಲಕ್ಕೆ ತಳ್ಳುತ್ತಿತ್ತು. ಗೇಣು ಹಿಡಿದು ನೋಡಿದೆ, ಇನ್ನು ಎರಡು ಬೆರಳಷ್ಟು ದೂರ. ಕ್ಯಾಮೆರಾವನ್ನು ಆ ಖಾಲಿ ಜಾಗಕ್ಕೇ ತಿರುಗಿಸಿ ಕಾದೆ. ಗೆರೆಯ ಅಂಚು ಅಲ್ಲಿಗೆ ಮುಟ್ಟಿದ್ದೇ ತಡ, ಸೂರ್ಯನ ಕಡೆಗೆ ಕೆಂಪು, ಪಕ್ಕದಲ್ಲಿ ಹಳದಿ, ಆಚೆಗೆ ನಸುನೀಲಿ! ಉಳಿದ ಗೆರೆಯೆಲ್ಲ ಬಿಳಿಯೇ. ಗೆರೆ ಸರಿದುಹೋಗುತ್ತಿತ್ತು, ಬಣ್ಣ ನಿಂತಲ್ಲೇ ನಿಂತಿತ್ತು. ನಾನು ಉಸಿರು ಹಿಡಿದಿದ್ದೆ.

ಅದು ಉಪಸೂರ್ಯ. ತಟ್ಟೆಯಂಥ ಹರಳುಗಳು ಗಾಳಿಯಲ್ಲಿ ಮಟ್ಟಸವಾಗಿ ತೇಲುವಾಗ ಬೆಳಕು ಉಂಗುರವಾಗದೆ ಸೂರ್ಯನ ಎಡಬಲಕ್ಕೆ, ಅವನಷ್ಟೇ ಎತ್ತರದಲ್ಲಿ ಕೂಡುತ್ತದೆ. ಈಗ ನಾನು ಮೋಡದ ಹಿಂದೆ ಓಡುವುದಿಲ್ಲ. ಜಾಗ ಗುರುತಿಸಿ ಕೂರುತ್ತೇನೆ.

ಇನ್ನೂ ಸಿಗದಿರುವುದು ಸೂರ್ಯನಿಂದ ಎರಡು ಗೇಣು ಕೆಳಗೆ, ದಿಗಂತಕ್ಕೆ ಸಮನಾಗಿ ಮೂಡುವ ಬಣ್ಣದ ಪಟ್ಟಿ. ಅದಕ್ಕೆ ಸೂರ್ಯ 58 ಡಿಗ್ರಿಗಿಂತ ಮೇಲಿರಬೇಕು. ದೂರದ ಉತ್ತರದಲ್ಲಿರುವ ಕೋಪನ್‌ಹೇಗನ್‌ನಲ್ಲಿ ಅವನು ಅಷ್ಟು ಏರುವುದೇ ಇಲ್ಲ. ನಮ್ಮಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನ ಏರುತ್ತಾನೆ. ತೆಳುಮೋಡ ಕಂಡ ದಿನ ಊಟ ಮುಗಿಸಿ ತಾರಸಿಗೆ ಹತ್ತುತ್ತೇನೆ.