ಮೇಲ್ಸೇತುವೆಯ ಒಂದು ಅಂಕಣ ಕಟ್ಟುವುದು: ಪೈಲ್‌ನಿಂದ ಗ್ರೌಟ್‌ವರೆಗೆ

ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದರು. ಎರಡು ಕಂಬಗಳ ನಡುವಿನ ಜಾಗವೇ ಒಂದು ಅಂಕಣ. ಮೇಲ್ಸೇತುವೆಗೂ ಅದೇ ಲೆಕ್ಕ, ಸೈಟಿನಲ್ಲಿ ಅದನ್ನು ಸ್ಪ್ಯಾನ್ ಅನ್ನುತ್ತಾರೆ. ಬೆಂಗಳೂರಿನ ಮೆಟ್ರೊ ದಾರಿಯಲ್ಲಿ ಹಲವು ಕಡೆ ಕಾಣುವುದು ಬಾಕ್ಸ್ ಗರ್ಡರ್: ಯಾರ್ಡಿನಲ್ಲಿ ತುಂಡು ತುಂಡಾಗಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಮೇಲೆ ಜೋಡಿಸಿ, ಉಕ್ಕಿನ ಕೇಬಲ್ಲುಗಳಿಂದ ಬಿಗಿದ ಕಾಂಕ್ರೀಟ್ ಪೆಟ್ಟಿಗೆ. ಅಂಥ 28 ಮೀಟರಿನ ಒಂದು ಸ್ಪ್ಯಾನನ್ನು ನೆಲದಿಂದ ಮೇಲಕ್ಕೆ ಕಟ್ಟುವ ಬಗೆ ಇಲ್ಲಿದೆ. ಈಗಷ್ಟೇ ಸೈಟಿಗೆ ಇಳಿದ ಎಂಜಿನಿಯರುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲು ಹಾಳೆಯ ಮೇಲೆ

ಎರಡು ಹಳಿ ಹೊರುವ ಪೆಟ್ಟಿಗೆ ಸುಮಾರು 9 ಮೀಟರ್ ಅಗಲ, 2 ಮೀಟರ್ ಎತ್ತರ ಇರುತ್ತದೆ. ಅಡ್ಡ ಕೊಯ್ದರೆ ಸಿಗುವ ಕಾಂಕ್ರೀಟಿನ ವಿಸ್ತೀರ್ಣ 5 ಚದರ ಮೀಟರ್ ಎಂದಿಟ್ಟುಕೊಳ್ಳಿ. ಘನ ಮೀಟರಿಗೆ 2.5 ಟನ್ನಿನಂತೆ ಮೀಟರ್ ಉದ್ದಕ್ಕೆ 12.5 ಟನ್, 28 ಮೀಟರಿಗೆ 350 ಟನ್. ಹಳಿಯ ಪೀಠ, ಪ್ಯಾರಾಪೆಟ್, ಕೇಬಲ್ ಟ್ರೇಗಳಿಗೆ ಮೀಟರಿಗೆ ಇನ್ನೊಂದು 4 ಟನ್ ಹಿಡಿಯಿರಿ. ಇನ್ನು ರೈಲು: ಗಾಲಿಯ ಅಚ್ಚಿಗೆ (ಆಕ್ಸಲ್) 16 ಟನ್ ಎಂದರೆ ನಾಲ್ಕು ಅಚ್ಚಿನ ಬೋಗಿಗೆ 64 ಟನ್, ಬೋಗಿಯ ಉದ್ದ ಸುಮಾರು 21 ಮೀಟರ್. ಎರಡೂ ಹಳಿಗಳಲ್ಲಿ ರೈಲು ನಿಂತರೆ ಸ್ಪ್ಯಾನಿನ ಮೇಲೆ ಸುಮಾರು 170 ಟನ್, ಮೀಟರಿಗೆ 6 ಟನ್. ಸೇತುವೆ ತನ್ನ ಮೈಭಾರ ಹೊರುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಬಲ ಕಳೆಯುತ್ತದೆ. ರೈಲಿನ ಪಾಲು ಜನ ಅಂದುಕೊಂಡಷ್ಟಿಲ್ಲ.

ಒಟ್ಟು ಮೀಟರಿಗೆ 22.5 ಟನ್. ಭಾರವನ್ನು ಸ್ಪ್ಯಾನಿನ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿದರೆ ನಡುವಿನ ಬಾಗುಬಲ ಸುಮಾರು 2,200 ಟನ್-ಮೀಟರ್ ಬರುತ್ತದೆ. ಇಷ್ಟು ಬಾಗುಬಲಕ್ಕೆ ಪೆಟ್ಟಿಗೆಯ ತಳ ಬಾಯಿ ಬಿಡಬಾರದು ಅಂದರೆ, ತಳದ ಹತ್ತಿರ ಹಾಯುವ ಕೇಬಲ್ಲುಗಳು ಅದನ್ನು ಸುಮಾರು 1,300 ಟನ್ ಬಲದಿಂದ ಸದಾ ಒತ್ತಿಹಿಡಿದಿರಬೇಕು. 15.2 ಮಿ.ಮೀ. ದಪ್ಪದ, ಏಳು ತಂತಿಯ ಒಂದು ಸ್ಟ್ರ್ಯಾಂಡ್ 26 ಟನ್ನಿನ ಆಸುಪಾಸಿನಲ್ಲಿ ಹರಿಯುತ್ತದೆ. ಅದರ ಮುಕ್ಕಾಲು ಭಾಗ, ಅಂದರೆ 20 ಟನ್ನಿನಷ್ಟು ಎಳೆಯುತ್ತೇವೆ. ಘರ್ಷಣೆ, ಸ್ಟ್ರ್ಯಾಂಡನ್ನು ತುದಿಯಲ್ಲಿ ಕಚ್ಚಿಹಿಡಿಯುವ ಬೆಣೆಯ (ವೆಜ್) ಜಾರುವಿಕೆ, ಕಾಂಕ್ರೀಟಿನ ಕುಗ್ಗುವಿಕೆ, ಉಕ್ಕಿನ ಸಡಿಲಿಕೆ ಎಲ್ಲ ಕಳೆದು ಬಹುಕಾಲ ಉಳಿಯುವುದು 15-16 ಟನ್. ಹಾಗಾಗಿ 85ರಷ್ಟು ಸ್ಟ್ರ್ಯಾಂಡ್ ಬೇಕು. 15 ಸ್ಟ್ರ್ಯಾಂಡಿನ 6 ಕೇಬಲ್ಲಿಗೆ 90 ಆಯಿತು. ಇದು ಲಕೋಟೆಯ ಹಿಂಬದಿಯಲ್ಲಿ ಹಾಕುವ ಅಂದಾಜು. ಶಿಯರ್ (ಕತ್ತರಿಸುವ ಬಲ), ಒಂದೇ ಹಳಿಯಲ್ಲಿ ರೈಲು ನಿಂತಾಗಿನ ತಿರುಚು, ಬಿಸಿಲಿಗೆ ಮೇಲ್ಮೈ ಮಾತ್ರ ಕಾಯುವುದು, ಬ್ರೇಕು, ಗಾಳಿ, ಭೂಕಂಪ ಇವೆಲ್ಲ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 6, ಐಆರ್‌ಸಿ 112ರಂಥ ಸಂಹಿತೆಗಳ ಪ್ರಕಾರ ಬೇರೆಯಾಗಿ ಪಾಸಾಗಬೇಕು. ಆದರೂ ಕಂಪ್ಯೂಟರಿನ ಉತ್ತರ ಈ ಅಂದಾಜಿನ ಹತ್ತಿರ ಇಲ್ಲದಿದ್ದರೆ ಮೊದಲು ಕಂಪ್ಯೂಟರಿಗೆ ಕೊಟ್ಟ ಅಂಕಿಗಳನ್ನೇ ಅನುಮಾನಿಸಿ.

ನೆಲದೊಳಗೆ

ಬೆಂಗಳೂರಿನ ನೆಲ ನಂಬಿಕೆಗೆ ಅರ್ಹವಲ್ಲ. ಒಂದು ಕಂಬದಡಿ 6 ಮೀಟರಿಗೆ ಬಂಡೆ ಸಿಕ್ಕರೆ ಪಕ್ಕದ ಕಂಬದಲ್ಲಿ 20 ಮೀಟರಾದರೂ ಬರೀ ಕೊಳೆತ ಕಲ್ಲು ಇರಬಹುದು. ನಡುವೆ ಗುಂಡುಕಲ್ಲು ಸಿಕ್ಕಿ ಅದನ್ನೇ ಬಂಡೆ ಎಂದು ನಂಬಿದವರಿದ್ದಾರೆ. ಅದಕ್ಕೇ ಪ್ರತಿ ಕಂಬಕ್ಕೂ ಒಂದು ಬೋರ್‌ಹೋಲ್ ಬೇಕೇ ಬೇಕು. ಬಂಡೆ ಸಿಕ್ಕಿತೆಂದ ಮೇಲೂ ಕೆಲವು ಮೀಟರ್ ಕೊರೆದು ಕೋರ್ ತೆಗೆದು ನೋಡಿ.

ನಮ್ಮ ಸ್ಪ್ಯಾನಿನ 630 ಟನ್‌ಗೆ ಪಿಯರ್ (ಕಂಬ), ಅದರ ತಲೆಯ ಪಿಯರ್ ಕ್ಯಾಪ್, ಅದರ ಬುಡದ ಪೈಲ್ ಕ್ಯಾಪ್‌ಗಳ ತೂಕ ಕೂಡಿದರೆ 900 ಟನ್ನಿನ ಹತ್ತಿರ ಬರುತ್ತದೆ. ಪೈಲ್ ಅಂದರೆ ನೆಲ ಕೊರೆದು ಹೊಯ್ಯುವ ಕಾಂಕ್ರೀಟ್ ಕಂಬ; 1.2 ಮೀಟರ್ ವ್ಯಾಸದ ನಾಲ್ಕು ಪೈಲ್ ಎಂದರೆ ತಲಾ 225 ಟನ್. ಬ್ರೇಕು, ಗಾಳಿ, ಒಂದು ಬದಿಯ ರೈಲು ಸೇರಿದಾಗ ಒಂದು ಪೈಲ್‌ಗೆ ಹೆಚ್ಚು, ಎದುರಿನದಕ್ಕೆ ಕಡಿಮೆ ಬೀಳುತ್ತದೆ; ವಿನ್ಯಾಸ ಮಾಡಬೇಕಾದ್ದು ಆ ಹೆಚ್ಚಿನದಕ್ಕೆ.

ರಿಗ್‌ನಿಂದ ಕೊರೆಯುವಾಗ ಗೋಡೆ ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಮಣ್ಣು ಕಲಸಿದ ನೀರು ತುಂಬಿರುತ್ತದೆ. ಕಂಬಿಗೂಡು ಇಳಿಸಿದ ಮೇಲೆ ತಳವನ್ನು ಇನ್ನೊಮ್ಮೆ ತೊಳೆಯಿರಿ, ಏಕೆಂದರೆ ಗೂಡು ಇಳಿಯುವಾಗ ಗೋಡೆ ಕೆರೆದು ಮಣ್ಣು ಮತ್ತೆ ತಳ ಸೇರಿರುತ್ತದೆ. ತೂಕದ ಗುಂಡು ಕಟ್ಟಿದ ಟೇಪನ್ನು ಬಿಟ್ಟಾಗ ಅದು ಟಪ್ಪನೆ ನಿಲ್ಲಬೇಕು. ಮೆತ್ತಗೆ ಕೂತರೆ ಕೆಳಗೆ ಕೆಸರಿದೆ ಎಂದೇ ಅರ್ಥ. ಕಾಂಕ್ರೀಟು ತಳದವರೆಗೆ ಇಳಿಬಿಟ್ಟ ಟ್ರೆಮಿ ಪೈಪಿನಲ್ಲಿ ಹೋಗಬೇಕು, ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎಂಬ ಅಳತೆ) 150ರಿಂದ 200 ಮಿ.ಮೀ., ಪೈಪಿನ ತುದಿ ಸದಾ ಹಸಿ ಕಾಂಕ್ರೀಟಿನೊಳಗೆ 2 ಮೀಟರಾದರೂ ಮುಳುಗಿರಬೇಕು. ಆತುರಕ್ಕೆ ಪೈಪ್ ಮೇಲೆಳೆದು ತುದಿ ಹೊರಬಂತೋ, ಅಲ್ಲಿ ಕೆಸರಿನ ಪದರ ಸೇರಿ ಪೈಲ್ ಎರಡು ತುಂಡಾಯಿತು.

ಇದನ್ನು ಹಿಡಿಯಲು ದುಬಾರಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಂದು ಹಾಳೆ. 1.2 ಮೀಟರ್ ಪೈಲ್‌ಗೆ ಮೀಟರಿಗೆ 1.13 ಘನ ಮೀಟರ್ ಕಾಂಕ್ರೀಟು ಹಿಡಿಯುತ್ತದೆ. ಹಾಗಾಗಿ 6 ಘನ ಮೀಟರಿನ ಒಂದು ಟ್ರಾನ್ಸಿಟ್ ಮಿಕ್ಸರ್ ಖಾಲಿಯಾದರೆ ಮಟ್ಟ 5.3 ಮೀಟರ್ ಏರಬೇಕು. ಪ್ರತಿ ಗಾಡಿಗೂ ಟೇಪ್ ಬಿಟ್ಟು ಬರೆದಿಡಿ. 4 ಮೀಟರಷ್ಟೇ ಏರಿದರೆ ಕಾಂಕ್ರೀಟು ಎಲ್ಲೋ ಪೊಳ್ಳಿಗೆ ಹೋಗಿದೆ, ದುಡ್ಡು ದಂಡ ಅಷ್ಟೆ. 7 ಮೀಟರ್ ಏರಿದರೆ ಗೋಡೆ ಕುಸಿದು ಪೈಲ್‌ನ ಸೊಂಟ ಸಣ್ಣಗಾಗಿದೆ; ಇದು ಅಪಾಯ. ಪೈಲ್ ಮುಗಿಯಬೇಕಾದ ಕಟ್-ಆಫ್ ಮಟ್ಟಕ್ಕಿಂತ 600 ಮಿ.ಮೀ.ನಿಂದ 1 ಮೀಟರ್ ಹೆಚ್ಚು ಸುರಿದು, ಕೆಸರು ಬೆರೆತ ಆ ತಲೆಯನ್ನು ಆಮೇಲೆ ಒಡೆದು ತೆಗೆಯಿರಿ. ಎಲ್ಲ ಪೈಲ್‌ಗಳಿಗೂ ಸುತ್ತಿಗೆ ಬಡಿದು ಮಾಡುವ ಇಂಟೆಗ್ರಿಟಿ ಪರೀಕ್ಷೆ, ಆಯ್ದವುಗಳಿಗೆ ವಿನ್ಯಾಸಭಾರದ ಒಂದೂವರೆ ಪಟ್ಟು ಲೋಡ್ ಪರೀಕ್ಷೆ ಆಗಬೇಕು.

ಪಿಯರ್

ಇದು ನೋಡಲು ಸುಲಭದ ಕೆಲಸ, ಅದಕ್ಕೇ ಇಲ್ಲಿ ಮೈಮರೆಯುವುದು ಹೆಚ್ಚು. ಕಾಂಕ್ರೀಟು ಬೀಳುವ ಮುಂಚೆ ಕಂಬಿಗೂಡು ಬರೀ ತಂತಿಯಲ್ಲಿ ಬಿಗಿದ ಬುಟ್ಟಿ. ಅದಕ್ಕೆ ಅಡ್ಡಬಲ ಇಲ್ಲವೇ ಇಲ್ಲ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಪಿಯರ್‌ನ ಕಂಬಿಗೂಡು ರಸ್ತೆಗೆ ಉರುಳಿ ತಾಯಿಯೂ ಪುಟ್ಟ ಮಗುವೂ ಸತ್ತರು. ಎತ್ತರದ ಪಿಯರನ್ನು ಎರಡು-ಮೂರು ಹಂತದಲ್ಲಿ ಹೊಯ್ಯಿರಿ. ಗೂಡಿಗೆ ನಾಲ್ಕೂ ದಿಕ್ಕಿಗೆ ಗೈ ರೋಪ್ ಕಟ್ಟಿ. ಹಗ್ಗದ ಬುಡ ಬ್ಯಾರಿಕೇಡಿಗಲ್ಲ, ತೂಕ ಲೆಕ್ಕ ಹಾಕಿದ ಕಾಂಕ್ರೀಟ್ ಬ್ಲಾಕಿಗೆ ಬಿಗಿಯಬೇಕು. ಕ್ರೇನಿನ ಕೊಕ್ಕೆ ಬಿಚ್ಚುವ ಮುಂಚೆ ಎಲ್ಲ ಹಗ್ಗಗಳ ಬಿಗಿ ಕೈಯಾರೆ ನೋಡಿ.

ಪಿಯರ್ ಕ್ಯಾಪ್‌ನಲ್ಲಿ ಕಂಬಿ ಎಷ್ಟು ಒತ್ತೊತ್ತಾಗಿರುತ್ತದೆಂದರೆ 60 ಮಿ.ಮೀ. ವೈಬ್ರೇಟರ್ ನೀಡಲ್ ಒಳಗೆ ಇಳಿಯುವುದೇ ಇಲ್ಲ. ಶಟರಿಂಗ್ ಮುಚ್ಚುವ ಮುಂಚೆಯೇ ನೀಡಲ್ ಇಳಿಯುವ ದಾರಿಗಳನ್ನು ಗುರುತು ಮಾಡಿ, ಸಣ್ಣ ನೀಡಲ್ ಇಟ್ಟುಕೊಳ್ಳಿ, 20 ಮಿ.ಮೀ. ಜಲ್ಲಿಯ ಬದಲು ಸಣ್ಣ ಜಲ್ಲಿಯ ಮಿಶ್ರಣ ಕೇಳಿ. ಇಲ್ಲದಿದ್ದರೆ ಜೇನುಗೂಡಿನಂತೆ ಪೊಳ್ಳು ಉಳಿಯುತ್ತದೆ. ಟ್ರಿನಿಟಿ ನಿಲ್ದಾಣದ ಬಳಿ ಕಾಂಕ್ರೀಟ್ ತೊಲೆಯಲ್ಲಿ ಅಂಥ ಹನಿಕೋಂಬ್ ಕಂಡದ್ದು 2018ರ ಡಿಸೆಂಬರ್‌ನಲ್ಲಿ, ಆ ದಾರಿಯಲ್ಲಿ ರೈಲು ಓಡಲು ಶುರುವಾಗಿ ಏಳು ವರ್ಷವಾದ ಮೇಲೆ.

ಯಾರ್ಡಿನಲ್ಲಿ ಸೆಗ್ಮೆಂಟ್

28 ಮೀಟರನ್ನು ಹತ್ತು ಸೆಗ್ಮೆಂಟುಗಳಾಗಿ ಭಾಗ ಮಾಡಿದರೆ ಒಂದೊಂದೂ 3 ಮೀಟರಿಗಿಂತ ತುಸು ಕಡಿಮೆ ಉದ್ದ, 35 ಟನ್ ತೂಕ. ಟ್ರೇಲರ್ ರಾತ್ರಿ ನಗರದ ತಿರುವುಗಳಲ್ಲಿ ತರಬಹುದಾದ ಗಾತ್ರ.

ಮೊದಲ ಸೆಗ್ಮೆಂಟಿನ ಮುಖವೇ ಎರಡನೆಯದಕ್ಕೆ ಅಚ್ಚು, ಎರಡನೆಯದು ಮೂರನೆಯದಕ್ಕೆ. ನಡುವೆ ಅಂಟದಿರಲಿ ಎಂದು ಸಾಬೂನು ಮತ್ತು ಟಾಲ್ಕಿನ ಲೇಪ. ಹೀಗೆ ಹೊಯ್ದ ಜೋಡಿ ಮೇಲೆ ಹೋದಾಗಲೂ ಹಲ್ಲಿಗೆ ಹಲ್ಲು ಕೂರುತ್ತದೆ. ಬೇರೆ ಜೋಡಿಯ ಸೆಗ್ಮೆಂಟ್ ತಂದು ಕೂರಿಸುವ ಮಾತೇ ಇಲ್ಲ, ಅದಕ್ಕೇ ಸ್ಪ್ಯಾನ್ ಸಂಖ್ಯೆ, ಸೆಗ್ಮೆಂಟ್ ಸಂಖ್ಯೆ, ಮುಂದಿನ ದಿಕ್ಕಿನ ಬಾಣ ಮೂರನ್ನೂ ಅಳಿಸದ ಬಣ್ಣದಲ್ಲಿ ಬರೆಯಿರಿ.

ಇಲ್ಲಿ ಸರ್ವೇಯರನೇ ರಾಜ. ಪೆಟ್ಟಿಗೆ 2 ಮೀಟರ್ ಎತ್ತರ. ಮೇಲಿನ ಉದ್ದಕ್ಕೂ ಕೆಳಗಿನ ಉದ್ದಕ್ಕೂ 1 ಮಿ.ಮೀ. ವ್ಯತ್ಯಾಸ ಬಂದರೆ ಎರಡು ಸಾವಿರಕ್ಕೆ ಒಂದರಷ್ಟು ಓರೆ. ಮೊದಲ ಸೆಗ್ಮೆಂಟಿನ ಆ ಓರೆ 28 ಮೀಟರ್ ಆಚೆ 14 ಮಿ.ಮೀ. ಎತ್ತರದ ತಪ್ಪಾಗುತ್ತದೆ. ಎರಕದ ಮರುದಿನ ಬೆಳಿಗ್ಗೆ, ಬಿಸಿಲೇರುವ ಮುಂಚೆ ಅಳೆದು, ಬಂದ ತಪ್ಪನ್ನು ಮುಂದಿನ ಸೆಗ್ಮೆಂಟಿನಲ್ಲೇ ತಿದ್ದಿ. ಮೂರ್ನಾಲ್ಕು ಹೊಯ್ದ ಮೇಲೆ ನೋಡೋಣ ಎಂದರೆ ಕೆಟ್ಟಿರಿ.

ಮೇಲೆ ಜೋಡಿಸುವುದು

ಎರಡು ಪಿಯರ್‌ಗಳ ಮೇಲೆ ನಿಂತ ಲಾಂಚಿಂಗ್ ಗರ್ಡರ್ ಹತ್ತೂ ಸೆಗ್ಮೆಂಟುಗಳನ್ನು ಒಂದೊಂದಾಗಿ ಎತ್ತಿ ತೂಗುಹಾಕುತ್ತದೆ. ಗರ್ಡರ್ ಅಷ್ಟೂ ಭಾರಕ್ಕೆ ಬಾಗಿ ಮುಗಿದ ಮೇಲೆಯೇ ಅಂಟು ಹಚ್ಚಲು ಶುರು ಮಾಡಬೇಕು. ಮೊದಲು ಒಣ ಜೋಡಣೆ ಮಾಡಿ ನೋಡಿ. ಆಮೇಲೆ ಮುಖಗಳಿಗೆ ಎಪಾಕ್ಸಿ, 1ರಿಂದ 2 ಮಿ.ಮೀ. ದಪ್ಪ. ಹೈ-ಟೆನ್ಸೈಲ್ ಬಾರ್‌ಗಳಿಂದ ಚದರ ಮಿ.ಮೀ.ಗೆ 0.3 ನ್ಯೂಟನ್‌ನಷ್ಟು ಒತ್ತಡ ಕೊಡಬೇಕು. 5 ಚದರ ಮೀಟರಿಗೆ ಅದು ಒಟ್ಟು 150 ಟನ್ ಆಗುತ್ತದೆ. ಸುತ್ತಲೂ ಎಪಾಕ್ಸಿ ಮಣಿಗಟ್ಟಿ ಹೊರಬಂದರೆ ಸಾಲದು, ಕೇಬಲ್ ಹಾಯುವ ಒಳಗಿನ ಕೊಳವೆಗೂ (ಡಕ್ಟ್) ಬಂದಿರುತ್ತದೆ. ಬಟ್ಟೆ ಸುತ್ತಿದ ಕೋಲಿನಿಂದ ತಕ್ಷಣ ಪ್ರತಿ ಡಕ್ಟನ್ನೂ ಒರೆಸಿ. ಮರೆತರೆ ಗಟ್ಟಿಯಾದ ಎಪಾಕ್ಸಿ ನಾಳೆ ಕೇಬಲ್ಲಿಗೆ ಅಡ್ಡ, ನಾಡಿದ್ದು ಡಕ್ಟಿಗೆ ತುಂಬುವ ಸಿಮೆಂಟ್ ಗಂಜಿಗೆ, ಅಂದರೆ ಗ್ರೌಟಿಗೆ ಅಡ್ಡ. ಏಪ್ರಿಲ್ ಮಧ್ಯಾಹ್ನ ಎಪಾಕ್ಸಿ ಡಬ್ಬಿಯಲ್ಲೇ ಸೆಟ್ ಆಗುತ್ತದೆ, ಅಂಟಿಸುವ ಕೆಲಸ ರಾತ್ರಿಗೇ ಇರಲಿ.

ಸ್ಟ್ರೆಸ್ಸಿಂಗ್

ಸ್ಟ್ರೆಸ್ಸಿಂಗ್ ಅಂದರೆ ಕೇಬಲ್ಲನ್ನು ಎಳೆದು ಬಿಗಿಯುವುದು, ಕೇಬಲ್ಲಿಗೆ 300 ಟನ್ ಎಳೆತ. ಎಳೆಯುವ ಯಂತ್ರ ಜಾಕ್‌ನ ಹಿಂದೆ ಯಾರೂ ನಿಲ್ಲಕೂಡದು. ವೆಜ್ ಜಾರಿದರೆ ಸ್ಟ್ರ್ಯಾಂಡ್ ಗುಂಡಿನಂತೆ ಹಾರುತ್ತದೆ. ಎಡ-ಬಲ ಜೋಡಿಯಾಗಿ ಎಳೆಯಿರಿ, ಇಲ್ಲವಾದರೆ ಪೆಟ್ಟಿಗೆ ಪಕ್ಕಕ್ಕೆ ಬಾಗುತ್ತದೆ.

ಗೇಜ್ ಒಂದನ್ನೇ ನಂಬಬೇಡಿ. ಎಳೆದಾಗ ಕೇಬಲ್ ಎಷ್ಟು ಉದ್ದವಾಗಬೇಕೆಂದು ಲೆಕ್ಕ ಹಾಕಿ: ಚದರ ಮಿ.ಮೀ.ಗೆ 1,395 ನ್ಯೂಟನ್ ಒತ್ತಡ, 28 ಮೀಟರ್ ಉದ್ದ, ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ 1,95,000. ಉತ್ತರ ಸುಮಾರು 200 ಮಿ.ಮೀ., ಘರ್ಷಣೆ ಕಳೆದರೆ 190ರ ಆಸುಪಾಸು. ಗೇಜಿನಲ್ಲಿ ಪೂರ್ತಿ ಒತ್ತಡ ಬಂದರೂ ಉದ್ದ 160 ಮಾತ್ರ ಬಂದರೆ ಕೇಬಲ್ ನಡುವೆಲ್ಲೋ ಸಿಕ್ಕಿಹಾಕಿಕೊಂಡಿದೆ, ಅದರಾಚೆ ಬಲ ತಲುಪಿಲ್ಲ. ಉದ್ದ ತೀರಾ ಹೆಚ್ಚಾದರೆ ಆಚೆ ತುದಿಯ ವೆಜ್ ಜಾರುತ್ತಿದೆ, ಇಲ್ಲವೆ ಒಂದು ತಂತಿ ಹರಿದಿದೆ. ಶೇ. 5ರ ಆಚೆ ಹೋದರೆ ನಿಲ್ಲಿಸಿ, ಕಾರಣ ಸಿಗುವ ತನಕ ಸ್ಟ್ರ್ಯಾಂಡಿನ ಬಾಲ ಕತ್ತರಿಸಬೇಡಿ. ಕತ್ತರಿಸಿದ ಮೇಲೆ ಜಾಕ್ ಹಿಡಿಯಲು ಏನೂ ಉಳಿದಿರುವುದಿಲ್ಲ.

ಗ್ರೌಟ್

ಇಡೀ ಸೇತುವೆಯಲ್ಲಿ ಅತ್ಯಂತ ಅಗ್ಗದ ಕೆಲಸ ಇದು, ಸೇತುವೆಯ ಆಯಸ್ಸು ನಿಂತಿರುವುದೂ ಇದರ ಮೇಲೆ. ಬಿಗಿದ ಉಕ್ಕನ್ನು ತುಕ್ಕಿನಿಂದ ಕಾಯುವುದು ಡಕ್ಟಿನೊಳಗೆ ತುಂಬಿದ ಸಿಮೆಂಟ್ ಗಂಜಿ ಮಾತ್ರ. 1970ರಲ್ಲಿ ಕಟ್ಟಿದ ಪಣಜಿಯ ಮಾಂಡೋವಿ ಸೇತುವೆ ಕೇಬಲ್ ತುಕ್ಕಿನಿಂದ 1986ರಲ್ಲಿ ಕುಸಿಯಿತು. ಅದರ ಹಿಂದಿನ ವರ್ಷ ವೇಲ್ಸ್‌ನ ಇನಿಸ್-ಅ-ಗ್ವಾಸ್ ಎಂಬ ಪುಟ್ಟ ಸೇತುವೆ ಯಾವ ಮುನ್ಸೂಚನೆಯೂ ಇಲ್ಲದೆ ಬಿತ್ತು; 1992ರಿಂದ 1996ರವರೆಗೆ ಬ್ರಿಟನ್ನಿನಲ್ಲಿ ಇಂಥ ಹೊಸ ಸೇತುವೆಗಳಿಗೆ ತಡೆಯೇ ಬಿತ್ತು. 2010ರಲ್ಲಿ ತೆರೆದ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ದೂ ಕೇಬಲ್ ಕೆಟ್ಟಿದ್ದರಿಂದ.

ನೀರು ಸಿಮೆಂಟಿನ ತೂಕದ ಶೇ. 40 ಮೀರಬಾರದು. ಪಂಪ್ ಕಟ್ಟಿಕೊಳ್ಳುತ್ತಿದೆ ಎಂದು ಒಂದು ಮಗ್ ನೀರು ಹೆಚ್ಚು ಹಾಕುವ ಚಟ ಎಲ್ಲ ಸೈಟುಗಳಲ್ಲೂ ಇದೆ. ಆ ನೀರು ಆಮೇಲೆ ಮೇಲೆ ತೇಲಿ ಡಕ್ಟಿನ ಎತ್ತರದ ಜಾಗದಲ್ಲಿ ನಿಂತು, ಒಣಗಿ ಪೊಳ್ಳಾಗುತ್ತದೆ. ಅಲ್ಲೇ ತುಕ್ಕು ಹತ್ತುವುದು. ತಣ್ಣೀರು ಬಳಸಿ, ನಸುಕಿನಲ್ಲೇ ಶುರು ಮಾಡಿ. ಕೆಳತುದಿಯಿಂದ ಪಂಪ್ ಮಾಡಿ. ಗಾಳಿ ಹೊರಹೋಗಲು ಬಿಟ್ಟ ಪ್ರತಿ ಕಿಂಡಿಯಲ್ಲಿ (ವೆಂಟ್) ಮೊದಲು ನೀರು, ಆಮೇಲೆ ಗುಳ್ಳೆ, ಆಮೇಲೆ ಪಂಪಿನಲ್ಲಿರುವಷ್ಟೇ ಗಟ್ಟಿಯ ಗ್ರೌಟ್ ಬಂದ ಮೇಲೆ ಆ ವೆಂಟ್ ಮುಚ್ಚಿ ಮುಂದಿನದಕ್ಕೆ ಹೋಗಿ. ಕೊನೆಗೆ ಒತ್ತಡ ಹಿಡಿದು ನಿಲ್ಲಿಸಿ ವಾಲ್ವ್ ಕಟ್ಟಿ. ಪಂಪ್ ನಡುವೆ ಕೆಟ್ಟರೆ ಕಾಯಬೇಡಿ, ಹಿಂದಿನಿಂದ ನೀರು ಹಾಯಿಸಿ ಪೂರ್ತಿ ತೊಳೆದು ಹೊಸದಾಗಿ ಶುರು ಮಾಡಿ. ಸ್ಟ್ರೆಸ್ಸಿಂಗ್ ಆಗಿ ಎರಡು ವಾರದೊಳಗೆ ಗ್ರೌಟ್ ಆಗಲೇಬೇಕು. ಮಳೆಗಾಲದಲ್ಲಿ ಅಷ್ಟು ದಿನವೂ ಬಿಡಬೇಡಿ. ಮರುದಿನ ವೆಂಟ್‌ಗಳನ್ನು ಬಿಚ್ಚಿ ಕಡ್ಡಿ ಇಳಿಸಿ ನೋಡಿ. ಇಳಿದರೆ ಮತ್ತೆ ತುಂಬಿ.

ಗ್ರೌಟಿನ ಬಿಲ್ಲನ್ನು ಮೀಟರ್ ಲೆಕ್ಕದಲ್ಲಿ ಪಾಸ್ ಮಾಡಬೇಡಿ. ಡಕ್ಟಿನ ಒಳಗಾತ್ರದಿಂದ ಸ್ಟ್ರ್ಯಾಂಡಿನ ಗಾತ್ರ ಕಳೆದು ಎಷ್ಟು ಲೀಟರ್ ಹಿಡಿಯಬೇಕೋ ಅಷ್ಟು ಹೋಗಿದೆಯೇ ಎಂದು ಚೀಲ ಎಣಿಸಿ.

ಬೇರಿಂಗ್‌ಗೆ ಇಳಿಸುವಾಗ

28 ಮೀಟರ್ ಪೆಟ್ಟಿಗೆ 30 ಡಿಗ್ರಿ ಏರಿಳಿತಕ್ಕೆ ಸುಮಾರು 10 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೇ ಪೆಟ್ಟಿಗೆಗೂ ಪಿಯರ್ ಕ್ಯಾಪ್‌ಗೂ ನಡುವಿನ ಆಸರೆಯಾದ ಬೇರಿಂಗ್ ಬೇಕು; ಒಂದು ತುದಿ ಜರುಗುವ ಬೇರಿಂಗ್ ಮೇಲೆ. ತಪ್ಪುಗಳು ಎರಡೇ, ಎರಡೂ ಪದೇಪದೇ ಆಗುವಂಥವು: ಜರುಗುವ ದಿಕ್ಕು ಅಡ್ಡವಾಗಿ ಕೂರಿಸುವುದು, ಸಾಗಣೆಗೆಂದು ಹಾಕಿದ ಕ್ಲಾಂಪ್ ಬಿಚ್ಚಲು ಮರೆಯುವುದು. ಮರೆತರೆ ಪಿಯರ್ ಕ್ಯಾಪ್‌ನ ಅಂಚು ಸೀಳುತ್ತದೆ.

ಭಾರ ಇಳಿಸಿದ ಮೇಲೆ ಆಯ್ದ ಒಂದು ಸ್ಪ್ಯಾನಿನ ಮೇಲೆ ಕಾಂಕ್ರೀಟ್ ಬ್ಲಾಕ್ ಹೇರಿ 24 ಗಂಟೆ ಬಿಡಿ. ತೆಗೆದ ಮೇಲೆ ಬಾಗಿದ್ದರಲ್ಲಿ ಶೇ. 85ರಷ್ಟಾದರೂ ವಾಪಸ್ ಬರಬೇಕು. ಆಮೇಲೆ ಮೊದಲ ಜೋರುಮಳೆಯ ದಿನ ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ಹೋಗಿ, ಹತ್ತು ಸೆಗ್ಮೆಂಟುಗಳ ಒಂಬತ್ತು ಸಂದುಗಳನ್ನೂ ಕೈಯಲ್ಲಿ ಸವರಿ. ತೇವ ತಗುಲಿದ ಸಂದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಳಿ ಕೂರುವ ಮುಂಚೆಯೇ ಮೇಲಿನಿಂದ ಮುಚ್ಚಿಸಿ.