ಅಣುಸ್ಥಾವರದಿಂದ ಕಾರಿನ ಟ್ಯಾಂಕಿಗೆ: ಒಂದು ಕೆಜಿ ಜಲಜನಕದ ಯೂನಿಟ್ ಲೆಕ್ಕ

ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡೋಣ. ಎರಡು ಪೆನ್ಸಿಲ್ ತೊಗೊಂಡು ಎರಡೂ ತುದಿ ಚೂಪು ಮಾಡಿ. ಲೋಟದ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಕದಡಿ. ಪೆನ್ಸಿಲ್‌ಗಳು ಒಂದಕ್ಕೊಂದು ತಾಗದ ಹಾಗೆ ನೀರಿನಲ್ಲಿ ನಿಲ್ಲಿಸಿ, ಮೇಲಿನ ತುದಿಗಳಿಗೆ ವೈರಿನಿಂದ 9 ವೋಲ್ಟ್ ಬ್ಯಾಟರಿ ಜೋಡಿಸಿ. ಸ್ವಲ್ಪ ಹೊತ್ತಿಗೆ ಕೆಳಗಿನ ಕಡ್ಡಿಗಳ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂರುತ್ತವೆ. ಮೈನಸ್ ಕಡೆ ಜಾಸ್ತಿ, ಪ್ಲಸ್ ಕಡೆ ಕಮ್ಮಿ. ಆ ಜಾಸ್ತಿ ಇರುವುದೇ ಜಲಜನಕ, ಅಂದರೆ ಹೈಡ್ರೋಜನ್. ಸೋಡಾ ಬದಲು ಉಪ್ಪು ಮಾತ್ರ ಹಾಕಬೇಡಿ, ಕ್ಲೋರಿನ್ ಬರುತ್ತದೆ. ಕಿಟಕಿ ತೆರೆದಿರಲಿ.

ಅಣುಸ್ಥಾವರದಲ್ಲಿ ಜಲಜನಕ ಮಾಡುವುದೂ ಹೆಚ್ಚುಕಮ್ಮಿ ಇದೇ. ಬ್ಯಾಟರಿ ಇರುವ ಜಾಗದಲ್ಲಿ ರಿಯಾಕ್ಟರ್ ಇರುತ್ತದೆ, ಅಷ್ಟೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಒಂಟಾರಿಯೊ ಸರೋವರದ ದಡದಲ್ಲಿರುವ ನೈನ್ ಮೈಲ್ ಪಾಯಿಂಟ್ ಸ್ಥಾವರದಲ್ಲಿ ಈ ಕೆಲಸ 2023ರಲ್ಲಿ ಶುರುವಾಯಿತು. ಅಲ್ಲಿನ ಲೆಕ್ಕವನ್ನೇ ಹಿಡಿದು ಹೋಗೋಣ.

ಹೆಜ್ಜೆ 1: ನಿಲ್ಲದ ಕರೆಂಟು

ಯುರೇನಿಯಂ ಬಿಸಿಗೆ ನೀರು ಹಬೆಯಾಗುತ್ತದೆ, ಹಬೆ ಟರ್ಬೈನ್ ತಿರುಗಿಸುತ್ತದೆ, ಕರೆಂಟು ಬರುತ್ತದೆ. ಇದು ಗೊತ್ತಿರುವುದೇ. ಸೂರ್ಯ ಮುಳುಗಿದರೂ, ಗಾಳಿ ನಿಂತರೂ ಇದು ನಿಲ್ಲುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ನಮ್ಮ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ಓಡಿತ್ತು. ನೀರು ಒಡೆಯುವ ಯಂತ್ರ ದುಬಾರಿ. ಅದನ್ನು ಅರ್ಧ ದಿನ ಸುಮ್ನೆ ಬಿಟ್ಟರೆ, ಬಾಡಿಗೆಗೆ ತಂದ ಜೆಸಿಬಿಯನ್ನು ಹೊಲದ ಬದಿ ನಿಲ್ಲಿಸಿದ ಹಾಗೆ.

ಹೆಜ್ಜೆ 2: ನೀರು ಒಡೆಯುವುದು

ಈ ಯಂತ್ರದ ಹೆಸರು ಎಲೆಕ್ಟ್ರೊಲೈಜರ್. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಹಾಳೆಯ ಒಂದು ಮೈಗೆ ಇರಿಡಿಯಂ, ಇನ್ನೊಂದು ಮೈಗೆ ಪ್ಲಾಟಿನಂ ಲೇಪನ. ದುಬಾರಿ ಯಾಕೆ ಅಂತ ಈಗ ಗೊತ್ತಾಯಿತಲ್ವಾ? ನಲ್ಲಿ ನೀರು ಇದಕ್ಕೆ ಆಗುವುದಿಲ್ಲ, ಲವಣವೆಲ್ಲ ತೆಗೆದ ಶುದ್ಧ ನೀರೇ ಬೇಕು. 9 ಕೆಜಿ ನೀರು ಒಡೆದರೆ 1 ಕೆಜಿ ಜಲಜನಕ, 8 ಕೆಜಿ ಆಮ್ಲಜನಕ ಸಿಗುತ್ತದೆ.

ನೈನ್ ಮೈಲ್ ಪಾಯಿಂಟಿನ ಯಂತ್ರ 1.25 ಮೆಗಾವಾಟ್ ಕರೆಂಟು ತಿಂದು ದಿನಕ್ಕೆ 560 ಕೆಜಿ ಜಲಜನಕ ಕೊಡುತ್ತದೆ. ಆ ದೊಡ್ಡ ಸ್ಥಾವರಕ್ಕೆ ಇದು ಬಾಳೆ ಎಲೆ ತುದಿಯ ಉಪ್ಪಿನಷ್ಟು. ನಮಗೆ ಮಾತ್ರ ಸಣ್ಣದಲ್ಲ. ದಿನಕ್ಕೆ 30,000 ಯೂನಿಟ್ ಆಯಿತು. ಗೃಹಜ್ಯೋತಿಯ 200 ಯೂನಿಟ್ ಲೆಕ್ಕದಲ್ಲಿ 150 ಮನೆಗಳ ಒಂದು ತಿಂಗಳ ಕರೆಂಟು ಇದಕ್ಕೆ ಒಂದು ದಿನದ ಊಟ. ಭಾಗಿಸಿದರೆ ಕೆಜಿಗೆ ಸುಮಾರು 54 ಯೂನಿಟ್. ಈ 54 ನೆನಪಿಟ್ಟುಕೊಳ್ಳಿ.

ಇದನ್ನು ಕಮ್ಮಿ ಮಾಡುವ ದಾರಿಯೂ ಇದೆ. ರಿಯಾಕ್ಟರಿನ ಬಿಸಿಯಲ್ಲಿ ಮೂರರಲ್ಲಿ ಎರಡು ಪಾಲು ಕರೆಂಟಾಗದೆ ವ್ಯರ್ಥವಾಗುತ್ತದೆ. ಕರೆಂಟು ಮಾಡುವ ಮೊದಲೇ ಒಂದಿಷ್ಟು ಬಿಸಿಯನ್ನು ನೇರ ಕೆಲಸಕ್ಕೆ ಹಚ್ಚಿ, ನೀರಿನ ಬದಲು 700-800 ಡಿಗ್ರಿಯ ಹಬೆ ಒಡೆದರೆ ಕರೆಂಟು ಕಮ್ಮಿ ಸಾಕು. ಇನ್ನೂ ಬಿಸಿ ಸಿಕ್ಕರೆ ಅಯೋಡಿನ್ ಮತ್ತು ಗಂಧಕಾಮ್ಲ ಬಳಸಿ, ನೀರು ಒಡೆಯಲು ಕರೆಂಟೇ ಇಲ್ಲದೆ ಜಲಜನಕ ತೆಗೆಯಬಹುದು. ಆದರೆ ಕೈಗಾದಂಥ ಸ್ಥಾವರದ ನೀರು 300 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಅಷ್ಟು ಬಿಸಿಗೆ ಬೇರೆ ಜಾತಿಯ ರಿಯಾಕ್ಟರೇ ಬೇಕು. ಜಪಾನಿನ ಓಅರಾಯಿಯಲ್ಲಿ ಹೀಲಿಯಂ ಅನಿಲ ಹರಿಯುವ ಒಂದು ಪ್ರಾಯೋಗಿಕ ರಿಯಾಕ್ಟರ್ 2004ರಲ್ಲಿ 950 ಡಿಗ್ರಿ ಮುಟ್ಟಿತು. ಕುದಿಯುವ ಗಂಧಕಾಮ್ಲವನ್ನು ವರ್ಷಗಟ್ಟಲೆ ತಡೆಯುವ ಪೈಪು ಮಾಡುವುದೇ ಇಲ್ಲಿನ ದೊಡ್ಡ ತಲೆನೋವು.

ಹೆಜ್ಜೆ 3: ಒತ್ತಿ ತುಂಬುವುದು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬರುವ 12,000 ಲೀಟರಿನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ? ಒತ್ತದೆ ಹಾಗೇ ಬಿಟ್ಟರೆ ಒಂದು ಕೆಜಿ ಜಲಜನಕಕ್ಕೆ ಅಷ್ಟು ದೊಡ್ಡ ಟ್ಯಾಂಕರ್ ಬೇಕು! ಹಾಗಾಗಿ ಕಾರಿನ ಟ್ಯಾಂಕಿನಲ್ಲಿ ಅದನ್ನು 700 ಬಾರ್ ಒತ್ತಡಕ್ಕೆ ತುಂಬುತ್ತಾರೆ. ಕಾರಿನ ಟಯರಿನ ಗಾಳಿ ಎರಡು ಬಾರ್ ಚಿಲ್ಲರೆ ಇರುತ್ತದೆ, ಅದರ 300 ಪಟ್ಟು ಅಂದುಕೊಳ್ಳಿ. ಟ್ಯಾಂಕಿಗೆ ಕಾರ್ಬನ್ ನಾರು ಸುತ್ತಿರುತ್ತಾರೆ. ಬೇಗ ತುಂಬುವಾಗ ಟ್ಯಾಂಕ್ ಕಾಯುತ್ತದೆ ಅಂತ ಜಲಜನಕವನ್ನು ಮೈನಸ್ 40 ಡಿಗ್ರಿವರೆಗೆ ತಣ್ಣಗೆ ಮಾಡಿ ಬಿಡುತ್ತಾರೆ. ಹವೆಯಲ್ಲಿ ತೇವ ಜಾಸ್ತಿಯಿದ್ದ ದಿನ ಪಂಪಿನ ನಳಿಕೆಗೆ ಹಿಮ ಕಟ್ಟಿ ಅದು ಕಾರಿಗೇ ಅಂಟಿಕೊಳ್ಳುವುದುಂಟು. ಒತ್ತುವ ಖರ್ಚೂ ಸೇರಿದರೆ ನಮ್ಮ 54 ಯೂನಿಟ್ 58ರ ಆಸುಪಾಸಿಗೆ ಬರುತ್ತದೆ. ಲಾರಿಯಲ್ಲಿ ದೂರ ಸಾಗಿಸಿದರೆ ಅದರ ಖರ್ಚು ಬೇರೆ.

ಹೆಜ್ಜೆ 4: ಮತ್ತೆ ಕರೆಂಟು ಮಾಡುವುದು

ಕಾರಿನೊಳಗಿನ ಫ್ಯೂಯಲ್ ಸೆಲ್ ಲೋಟದ ಪ್ರಯೋಗವನ್ನು ಉಲ್ಟಾ ಮಾಡುತ್ತದೆ. ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ಕರೆಂಟು, ಬಿಸಿ, ನೀರು ಹುಟ್ಟುತ್ತವೆ. ಕೊಳವೆಯಿಂದ ತೊಟ್ಟಿಕ್ಕುವುದು ಬರೀ ನೀರು. ಟೊಯೋಟಾ ಮಿರಾಯ್ ಟ್ಯಾಂಕಿಗೆ ಹಿಡಿಯುವುದು 5.6 ಕೆಜಿ. ಅಮೆರಿಕದ ಸರ್ಕಾರಿ ಪರೀಕ್ಷೆಯ ಪ್ರಕಾರ ಅಷ್ಟಕ್ಕೆ ಸುಮಾರು 647 ಕಿಮೀ ಓಡುತ್ತದೆ. ಕೆಜಿಗೆ 115 ಕಿಮೀ.

ಈಗ ಲೆಕ್ಕ ಮುಗಿಸೋಣ. ಅದೇ 58 ಯೂನಿಟ್ಟನ್ನು ನೇರ ಬ್ಯಾಟರಿ ಕಾರಿಗೆ ಹಾಕಿ, ಯೂನಿಟ್‌ಗೆ ಐದೇ ಕಿಮೀ ಹಿಡಿದರೂ 290 ಕಿಮೀ ಆಗುತ್ತದೆ. ಎರಡೂವರೆ ಪಟ್ಟು! ಮನೆಯಲ್ಲಿ ಪ್ಲಗ್ ಇರುವವರ ಸಣ್ಣ ಕಾರಿಗೆ ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನನಗಂತೂ ಅನಿಸುತ್ತದೆ. ದೂರ ಓಡುವ ಲಾರಿಯ ಮಾತು ಬೇರೆ. ಅಲ್ಲಿ ಬ್ಯಾಟರಿಯ ಭಾರವೇ ಸರಕಿನ ಜಾಗ ತಿನ್ನುತ್ತದೆ, ಚಾರ್ಜ್ ಆಗುವವರೆಗೆ ಕಾಯುವುದೂ ನಷ್ಟವೇ. ಇನ್ನು ರಿಫೈನರಿ, ಗೊಬ್ಬರ ಕಾರ್ಖಾನೆಗಳಿಗೆ ಜಲಜನಕ ಈಗಲೇ ಬೇಕು. ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ, ಕೆಜಿಗೆ 9-10 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅಣುಸ್ಥಾವರದ ಜಲಜನಕ ಮೊದಲು ಅಲ್ಲಿಗೆ ಹೋಗಲಿ.

ಅಂದ ಹಾಗೆ, ನೈನ್ ಮೈಲ್ ಪಾಯಿಂಟಿನ ಯಂತ್ರ ಹಾಕಿದ್ದೂ ಕಾರುಗಳಿಗಾಗಿ ಅಲ್ಲ. ಸ್ಥಾವರದ ಜನರೇಟರ್ ತಣ್ಣಗಿಡಲು ಜಲಜನಕ ಬೇಕು. ಮೊದಲು ಅದನ್ನು ಹೊರಗಿನಿಂದ ಲಾರಿಯಲ್ಲಿ ತರಿಸುತ್ತಿದ್ದರು.